ಕಾರ್ಖಾನೆ ನೀರಿಗೆ ಚಿಮಣಿ ಗ್ಯಾಸ್: ಖನಿಜ ಸಿಗುವುದು ಯಾವಾಗ, ಸಿಗದಿರುವುದು ಯಾವಾಗ?

ತಾಲೂಕಿಗೆ ಒಂದು ಕಾರ್ಖಾನೆ ಬರುತ್ತೆ ಅಂದ ಕೂಡಲೇ ಊರಿನವರು ಕೇಳುವ ಮೊದಲ ಪ್ರಶ್ನೆ ಒಂದೇ: ನೀರು ಎಲ್ಲಿಗೆ ಬಿಡ್ತೀರಿ? ಈ ಪ್ರಶ್ನೆಗೆ ಈಗ ಒಂದು ಹೊಸ ಉತ್ತರವೂ ಇದೆ. ಚಿಮಣಿಯಿಂದ ಹೋಗುವ ಕಾರ್ಬನ್ ಡೈಆಕ್ಸೈಡ್ ಅನ್ನು ಹಿಡಿದು, ಅದನ್ನೇ ತ್ಯಾಜ್ಯನೀರಿಗೆ ಹಾಯಿಸಿ, ನೀರಿನಲ್ಲಿರುವ ಖನಿಜವನ್ನು ಪುಡಿಯಾಗಿ ವಾಪಸ್ ತೆಗೆಯುವುದು. ಹೊಗೆಯೂ ಕಮ್ಮಿ, ನೀರೂ ಶುದ್ಧ, ಮಾರೋಕೆ ಪುಡಿಯೂ ಸಿಗುತ್ತೆ ಅನ್ನೋದು ಇದರ ಭರವಸೆ.

ಇದು ಸುಳ್ಳಲ್ಲ. ಬೇರೆ ಬೇರೆ ದೇಶಗಳಲ್ಲಿ, ನಮ್ಮ ಪಕ್ಕದ ತಮಿಳುನಾಡಿನಲ್ಲೂ, ಈ ರಸಾಯನಶಾಸ್ತ್ರ ಕಾರ್ಖಾನೆ ಮಟ್ಟದಲ್ಲಿ ಕೆಲಸ ಮಾಡಿದೆ. ಆದರೆ ಎಲ್ಲ ತರದ ನೀರಿಗೂ ಇದು ನಡೆಯಲ್ಲ. ಯಾವ ನೀರಿಗೆ ನಡೆಯುತ್ತೆ, ಯಾವುದಕ್ಕೆ ನಡೆಯಲ್ಲ ಅನ್ನೋದು ಗೊತ್ತಿದ್ರೆ, ನಾಳೆ ನಿಮ್ಮ ಊರಿನ ಸಭೆಯಲ್ಲಿ ಯಾರಾದ್ರೂ ಈ ಮಾತು ಹೇಳಿದಾಗ ಸರಿಯಾದ ಪ್ರಶ್ನೆ ಕೇಳಬಹುದು. ಅದಕ್ಕಾಗಿ ಈ ಲೇಖನ.

ಮೊದಲು ಸುಣ್ಣದ ಪಾಠ

ಹಬ್ಬಕ್ಕೆ ಗೋಡೆಗೆ ಸುಣ್ಣ ಬಳಿದದ್ದು ನೆನಪಿರಬಹುದು. ಹಸಿಯಾಗಿದ್ದಾಗ ಕೈಗೆ ಅಂಟುತ್ತೆ, ಚರ್ಮ ಸುಡುತ್ತೆ. ಕೆಲವು ದಿನ ಕಳೆದ ಮೇಲೆ ಗಟ್ಟಿಯಾಗಿ ಕೂರುತ್ತೆ. ಬರೀ ನೀರು ಆರಿದ್ದಕ್ಕೆ ಹೀಗಾಗಲ್ಲ. ಸುಣ್ಣ ಗಾಳಿಯಲ್ಲಿರುವ ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡು ಮತ್ತೆ ಕಲ್ಲಾಗುತ್ತೆ. ಆ ಕಲ್ಲಿನ ಹೆಸರು ಕ್ಯಾಲ್ಸಿಯಂ ಕಾರ್ಬೊನೇಟ್. ಸುಣ್ಣದಕಲ್ಲು, ಅಮೃತಶಿಲೆ, ಕಪ್ಪೆಚಿಪ್ಪು, ಮೊಟ್ಟೆಯ ಸಿಪ್ಪೆ ಎಲ್ಲವೂ ಬಹುಪಾಲು ಇದೇ ವಸ್ತು.

ಹೈಸ್ಕೂಲಿನಲ್ಲಿ ಸುಣ್ಣದ ತಿಳಿನೀರಿಗೆ ಕೊಳವೆಯಿಂದ ಉಸಿರು ಊದಿ, ನೀರು ಹಾಲಿನಂತೆ ಬೆಳ್ಳಗಾಗುವುದನ್ನು ತೋರಿಸ್ತಾರಲ್ಲ, ಅದೂ ಇದೇ. ಆ ಬಿಳಿ ಬಣ್ಣ ನೀರಿನಲ್ಲಿ ತೇಲುವ ಕ್ಯಾಲ್ಸಿಯಂ ಕಾರ್ಬೊನೇಟಿನ ಸಣ್ಣ ಕಣಗಳದ್ದು. ಹಾಗೇ ಬಿಟ್ಟರೆ ತಳಕ್ಕೆ ಕೂರುತ್ತೆ. ಮೇಲಿನ ನೀರು ಬಸಿದರೆ ಪುಡಿ ಕೈಗೆ ಸಿಗುತ್ತೆ.

ಇನ್ನೊಂದು ಮಾತು ಮೇಷ್ಟ್ರು ಹೇಳಿರ್ತಾರೆ, ನಾವು ಮರೆತಿರ್ತೀವಿ. ಊದುತ್ತಲೇ ಇದ್ದರೆ ಹಾಲಿನಂತಿದ್ದ ನೀರು ಮತ್ತೆ ತಿಳಿಯಾಗುತ್ತೆ. ಹೆಚ್ಚಾದ ಗ್ಯಾಸ್ ಆ ಪುಡಿಯನ್ನು ಬೈಕಾರ್ಬೊನೇಟ್ ಮಾಡಿ ವಾಪಸ್ ನೀರಿಗೇ ಕರಗಿಸುತ್ತೆ. ನೋಡೋಕೆ ನೀರು ಸ್ವಚ್ಛ, ಒಳಗೆ ಗಡಸು. ಕಾರ್ಖಾನೆಯಲ್ಲೂ ಹೀಗೇ. ಗ್ಯಾಸ್ ಕಮ್ಮಿಯಾದ್ರೆ ಸುಣ್ಣ ಉಳಿಯುತ್ತೆ, ಜಾಸ್ತಿಯಾದ್ರೆ ಪುಡಿ ಕರಗುತ್ತೆ. ಅದಕ್ಕೇ ಪಿಎಚ್ ಮೀಟರ್ ನೋಡ್ತಾ ಗ್ಯಾಸಿನ ವಾಲ್ವ್ ನಡೆಸಬೇಕಾಗುತ್ತೆ.

ತೂಕದ ಲೆಕ್ಕ ಸರಳ. 74 ಕೆಜಿ ಅರಳಿದ ಸುಣ್ಣ 44 ಕೆಜಿ ಕಾರ್ಬನ್ ಡೈಆಕ್ಸೈಡ್ ಹೀರಿ 100 ಕೆಜಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತೆ, ಜೊತೆಗೆ 18 ಕೆಜಿ ನೀರು ಹೊರಬರುತ್ತೆ. ಯಾವ ಕಂಪನಿಯ ಯಂತ್ರ ಹಾಕಿದ್ರೂ ಈ ಲೆಕ್ಕ ಬದಲಾಗಲ್ಲ.

ಗ್ಯಾಸ್ ಎಲ್ಲಿಂದ ಬರುತ್ತೆ?

ಕಲ್ಲಿದ್ದಲು ಬಾಯ್ಲರಿನ ಹೊಗೆಯಲ್ಲಿ ಕಾರ್ಬನ್ ಡೈಆಕ್ಸೈಡ್ ಇರೋದು ಶೇ. 12ರಿಂದ 15ರಷ್ಟು. ಉಳಿದದ್ದು ಬಹುಪಾಲು ಸಾರಜನಕ. ಅದರಿಂದ ಬೇಕಾದ ಗ್ಯಾಸ್ ಬೇರೆ ಮಾಡೋಕೆ ಅಮೈನ್ ಅನ್ನುವ ದ್ರಾವಣ ಬಳಸ್ತಾರೆ. ಹೊಗೆ ತಣ್ಣಗೆ ಮಾಡಿ ಈ ದ್ರಾವಣದ ಮೂಲಕ ಹಾಯಿಸಿದರೆ ಕಾರ್ಬನ್ ಡೈಆಕ್ಸೈಡ್ ಅದಕ್ಕೆ ಅಂಟಿಕೊಳ್ಳುತ್ತೆ. ಆಮೇಲೆ ದ್ರಾವಣವನ್ನು ಸುಮಾರು 120 ಡಿಗ್ರಿಗೆ ಕಾಯಿಸಿದರೆ ಗ್ಯಾಸ್ ಬಿಟ್ಟುಕೊಡುತ್ತೆ, ದ್ರಾವಣವನ್ನು ಮತ್ತೆ ಬಳಸಬಹುದು. ಇಲ್ಲಿ ದೊಡ್ಡ ಖರ್ಚು ಈ ಕಾಯಿಸೋದರದ್ದೇ.

ಇದಕ್ಕಿಂತ ಸುಲಭದ ಮೂಲ ಎಥನಾಲ್ ಡಿಸ್ಟಿಲರಿ. ಕಾಕಂಬಿ ಹುದುಗುವಾಗ ಎಷ್ಟು ತೂಕದ ಎಥನಾಲ್ ಬರುತ್ತೋ ಹೆಚ್ಚುಕಮ್ಮಿ ಅಷ್ಟೇ ತೂಕದ ಕಾರ್ಬನ್ ಡೈಆಕ್ಸೈಡ್ ಬರುತ್ತೆ. ಒಂದು ಲೀಟರ್ ಎಥನಾಲಿಗೆ ಸುಮಾರು ಮುಕ್ಕಾಲು ಕೆಜಿ. ಅದು ಮೊದಲೇ ಹೆಚ್ಚು ಶುದ್ಧವಾಗಿರುತ್ತೆ. ತಂಪುಪಾನೀಯದ ಸಿಲಿಂಡರಿಗೂ ಡ್ರೈ ಐಸಿಗೂ ಇಂಥ ಗ್ಯಾಸ್ ಹೋಗುತ್ತೆ. ಬೆಳಗಾವಿ, ಬಾಗಲಕೋಟೆ, ಮಂಡ್ಯದಂಥ ಕಬ್ಬಿನ ಸೀಮೆಯಲ್ಲಿ ಈ ಮೂಲ ದೂರದ್ದೇನಲ್ಲ.

ಸರಿಹೋಗುವ ನೀರು 1: ಕಾಂಕ್ರೀಟ್ ತೊಳೆದ ನೀರು

ಇವತ್ತು ಸಣ್ಣ ಊರುಗಳ ರಸ್ತೆಯಲ್ಲೂ ತಿರುಗುವ ಡ್ರಮ್ಮಿನ ರೆಡಿಮಿಕ್ಸ್ ಲಾರಿ ಓಡಾಡುತ್ತೆ. ಕಾಂಕ್ರೀಟ್ ಸುರಿದು ಬಂದ ಮೇಲೆ ಡ್ರಮ್ ತೊಳೀಲೇಬೇಕು, ಇಲ್ಲಾಂದ್ರೆ ಒಳಗೇ ಗಟ್ಟಿಯಾಗುತ್ತೆ. ತೊಳೆದ ನೀರಿನಲ್ಲಿ ಮರಳು, ಜಲ್ಲಿ, ಸಿಮೆಂಟ್ ಕಣ ಇರ್ತವೆ. ಸಿಮೆಂಟ್ ನೀರಿಗೆ ಬಿದ್ದಾಗ ಸುಣ್ಣ ಬಿಡುತ್ತೆ. ಹಾಗಾಗಿ ಈ ನೀರಿನ ಪಿಎಚ್ 12ರ ಆಸುಪಾಸು ಇರುತ್ತೆ.

ಪಿಎಚ್ ಅಂದ್ರೆ ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಅಂತ ಹೇಳುವ ಅಳತೆ. 7 ಅಂದ್ರೆ ಮಧ್ಯ. ಅದಕ್ಕಿಂತ ಕೆಳಗೆ ಹುಳಿ, ಮೇಲೆ ಕ್ಷಾರ. ಒಂದೊಂದು ಅಂಕಿಗೂ ಹತ್ತು ಪಟ್ಟು ವ್ಯತ್ಯಾಸ. ನಮ್ಮ ದೇಶದ ಪರಿಸರ ಸಂರಕ್ಷಣಾ ನಿಯಮದ ಪ್ರಕಾರ ಹಳ್ಳ, ಕೆರೆ, ನದಿಗೆ ಬಿಡುವ ತ್ಯಾಜ್ಯನೀರಿನ ಪಿಎಚ್ 5.5ರಿಂದ 9ರ ಒಳಗಿರಬೇಕು. 12 ಅಂದ್ರೆ ಆ ಮಿತಿಗಿಂತ ಸಾವಿರ ಪಟ್ಟು ಹೆಚ್ಚು ಕ್ಷಾರ. ಚರಂಡಿಗೆ ಬಿಟ್ಟರೆ ಮುಂದೆ ಕೆರೆಯಲ್ಲಿ ಮೀನು ಉಳಿಯಲ್ಲ.

ಕೆನಡಾದ ಕಾರ್ಬನ್‌ಕ್ಯೂರ್ ಕಂಪನಿ ಇದೇ ತೊಳೆದ ನೀರಿಗೆ ಕಾರ್ಬನ್ ಡೈಆಕ್ಸೈಡ್ ಹಾಯಿಸುವ ವಿಧಾನ ಮಾಡಿತು. ಗ್ಯಾಸ್ ಸೇರಿದಾಗ ನೀರಿನಲ್ಲಿದ್ದ ಸುಣ್ಣ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತೆ, ಸಿಮೆಂಟ್ ಗಸಿಯ ಗುಣವೂ ಒಂದು ಹದಕ್ಕೆ ನಿಲ್ಲುತ್ತೆ. ಆ ನೀರು, ಆ ಗಸಿ ಎರಡನ್ನೂ ಮುಂದಿನ ಕಾಂಕ್ರೀಟಿಗೆ ಬಳಸಿ, ಅಷ್ಟರ ಮಟ್ಟಿಗೆ ಹೊಸ ಸಿಮೆಂಟನ್ನೂ ಹೊಸ ನೀರನ್ನೂ ಉಳಿಸಬಹುದು. 2021ರ ಏಪ್ರಿಲ್‌ನಲ್ಲಿ ಘೋಷಣೆಯಾದ ಕಾರ್ಬನ್ ಎಕ್ಸ್‌ಪ್ರೈಜ್ ಸ್ಪರ್ಧೆಯ ಇಬ್ಬರು ವಿಜೇತರಲ್ಲಿ ಈ ಕಂಪನಿಯೂ ಒಂದು. ಬಹುಮಾನ 75 ಲಕ್ಷ ಡಾಲರ್.

ಇಲ್ಲಿ ಪುಡಿ ಬೇರೆ ಮಾಡಿ ಮಾರುವ ತಲೆನೋವಿಲ್ಲ. ಎಲ್ಲಿ ಹುಟ್ಟಿತೋ ಅಲ್ಲೇ ಬಳಕೆಯಾಗುತ್ತೆ. ಈ ವಿಧಾನ ಗಟ್ಟಿಯಾಗಿ ನಿಲ್ಲೋದಕ್ಕೆ ಅದೇ ಕಾರಣ.

ಸರಿಹೋಗುವ ನೀರು 2: ಕಾರ್ಬೈಡ್ ಸುಣ್ಣ

ವೆಲ್ಡಿಂಗ್ ಅಂಗಡಿಯವರಿಗೆ ಇದು ಗೊತ್ತು. ಕ್ಯಾಲ್ಸಿಯಂ ಕಾರ್ಬೈಡಿಗೆ ನೀರು ಹಾಕಿದರೆ ಅಸಿಟಿಲೀನ್ ಗ್ಯಾಸ್ ಬರುತ್ತೆ, ತಳದಲ್ಲಿ ಬೂದು ಬಣ್ಣದ ಸುಣ್ಣದ ರಾಡಿ ಉಳಿಯುತ್ತೆ. ದೊಡ್ಡ ಅಸಿಟಿಲೀನ್ ಘಟಕಗಳಲ್ಲಿ ಇದು ಹೊಂಡಗಟ್ಟಲೆ ಬೀಳುತ್ತೆ. ಅದು ಅಪ್ಪಟ ಅರಳಿದ ಸುಣ್ಣವೇ, ಸ್ವಲ್ಪ ಕೊಳೆ ಸೇರಿರುತ್ತೆ ಅಷ್ಟೇ. ಕಾರ್ಬನ್ ಡೈಆಕ್ಸೈಡ್ ಹಾಯಿಸಿ ಕಾರ್ಬೊನೇಟ್ ಮಾಡೋಕೆ ಇದು ಒಳ್ಳೇ ಕಚ್ಚಾವಸ್ತು.

ಸರಿಹೋಗುವ ನೀರು 3: ಅಲ್ಯೂಮಿನಾ ಕಾರ್ಖಾನೆಯ ಕೆಂಪು ರಾಡಿ

ಬಾಕ್ಸೈಟ್ ಅದಿರಿನಿಂದ ಅಲ್ಯೂಮಿನಾ ತೆಗೆಯೋಕೆ ಕಾಸ್ಟಿಕ್ ಸೋಡಾದಲ್ಲಿ ಬೇಯಿಸ್ತಾರೆ. ಉಳಿಯೋದು ಕೆಂಪು ರಾಡಿ, ಇಂಗ್ಲಿಷಿನಲ್ಲಿ ರೆಡ್ ಮಡ್. ಅದರ ನೀರಿನ ಪಿಎಚ್ 13ರ ತನಕ ಹೋಗುತ್ತೆ. ನಮ್ಮ ಬೆಳಗಾವಿಯಲ್ಲೂ ಅಲ್ಯೂಮಿನಾ ಕಾರ್ಖಾನೆ ಇದೆ, ಹಾಗಾಗಿ ಈ ಹೆಸರು ಕರ್ನಾಟಕಕ್ಕೆ ಹೊಸದಲ್ಲ.

ಇದು ಎಷ್ಟು ಅಪಾಯ ಅನ್ನೋದು ಹಂಗೇರಿ ದೇಶದಲ್ಲಿ ಗೊತ್ತಾಯ್ತು. 2010ರ ಅಕ್ಟೋಬರ್ 4ರಂದು ಅಲ್ಲಿನ ಐಕಾ ಊರಿನ ಕಾರ್ಖಾನೆಯ ರಾಡಿ ಕಟ್ಟೆ ಒಡೆದು ಪಕ್ಕದ ಹಳ್ಳಿಗಳಿಗೆ ನುಗ್ಗಿತು. 10 ಜನ ಸತ್ತರು. ನೂರಾರು ಜನರಿಗೆ ಗಾಯವಾಯ್ತು, ಅದರಲ್ಲಿ ತುಂಬಾ ಜನರಿಗೆ ಕ್ಷಾರದಿಂದ ಚರ್ಮ ಸುಟ್ಟ ಗಾಯ.

ಆಸ್ಟ್ರೇಲಿಯಾದ ಪರ್ತ್ ನಗರದ ಹತ್ತಿರ ಕ್ವಿನಾನಾದಲ್ಲಿ ಅಲ್ಕೋವಾ ಕಂಪನಿ 2007ರಿಂದ ಬೇರೆ ದಾರಿ ಹಿಡಿಯಿತು. ಹತ್ತಿರದ ಅಮೋನಿಯಾ ಕಾರ್ಖಾನೆಯಿಂದ ಗಾಳಿಗೆ ಹೋಗ್ತಿದ್ದ ಕಾರ್ಬನ್ ಡೈಆಕ್ಸೈಡನ್ನು ಪೈಪಿನಲ್ಲಿ ತಂದು ರಾಡಿಗೆ ಸೇರಿಸಿತು. ವರ್ಷಕ್ಕೆ ಸುಮಾರು 70,000 ಟನ್ ಗ್ಯಾಸ್ ಕಟ್ಟಿಹಾಕುವ ಯೋಜನೆ ಅದು. ರಾಡಿಯ ಕ್ಷಾರ ಇಳಿಯಿತು, ಬೇಗ ಒಣಗಿತು. ಆದರೆ ಇಲ್ಲಿ ಮುಖ್ಯ ಲಾಭ ಮಾರುವ ಪುಡಿ ಅಲ್ಲ, ಅಪಾಯ ಕಮ್ಮಿಯಾದದ್ದು. ಇನ್ನೊಂದು ವಿಷಯ: ಬೇರೆ ಕಾರಣಗಳಿಗೆ ಕ್ವಿನಾನಾ ಕಾರ್ಖಾನೆಯೇ 2024ರಲ್ಲಿ ಉತ್ಪಾದನೆ ನಿಲ್ಲಿಸಿತು. ರಾಡಿ ಬರುವುದು ನಿಂತರೆ ಗ್ಯಾಸಿಗೆ ಜಾಗ ಇಲ್ಲ. ಎರಡು ಕಾರ್ಖಾನೆ ಒಂದಕ್ಕೊಂದು ಆತುಕೊಂಡಿದ್ದರೆ ಒಂದು ಮಲಗಿದಾಗ ಇನ್ನೊಂದರ ಹೊಗೆ ಮತ್ತೆ ಗಾಳಿಗೇ.

ತೂತ್ತುಕುಡಿ: ಉಪ್ಪುನೀರಿನಿಂದ ಸೋಡಾ

ನಮಗೆ ಹತ್ತಿರದ ಉದಾಹರಣೆ ತಮಿಳುನಾಡಿನ ತೂತ್ತುಕುಡಿಯದ್ದು. ಅಲ್ಲಿನ ತೂತ್ತುಕುಡಿ ಆಲ್ಕಲಿ ಕೆಮಿಕಲ್ಸ್ ಕಾರ್ಖಾನೆ ತನ್ನ ಕಲ್ಲಿದ್ದಲು ಬಾಯ್ಲರಿನ ಹೊಗೆಯಿಂದ ಕಾರ್ಬನ್ ಡೈಆಕ್ಸೈಡ್ ಹಿಡಿದು ಸೋಡಾ ಆ್ಯಶ್ ಮಾಡೋಕೆ ಬಳಸಿತು. ಗ್ಯಾಸ್ ಹಿಡಿಯುವ ತಂತ್ರ ಕೊಟ್ಟದ್ದು ಕಾರ್ಬನ್ ಕ್ಲೀನ್ ಅನ್ನುವ ಕಂಪನಿ. ಅದನ್ನು 2009ರಲ್ಲಿ ಶುರು ಮಾಡಿದವರು ಐಐಟಿ ಖರಗ್‌ಪುರದಲ್ಲಿ ಓದಿದ ಇಬ್ಬರು. ವರ್ಷಕ್ಕೆ 60,000 ಟನ್ ಗ್ಯಾಸ್ ಹಿಡಿಯುವ ಸಾಮರ್ಥ್ಯದ ಈ ಘಟಕ 2016ರಲ್ಲಿ ಶುರುವಾದಾಗ ಸರ್ಕಾರದ ಸಬ್ಸಿಡಿ ಇಲ್ಲದೇ ನಡೀತಿದೆ ಅನ್ನೋದೇ ಸುದ್ದಿಯಾಗಿತ್ತು. ಟನ್ನಿಗೆ ಸುಮಾರು 30 ಡಾಲರ್ ಖರ್ಚು ಅಂತ ಕಂಪನಿ ಹೇಳಿಕೊಂಡಿತ್ತು.

ಕೆಲಸ ಹೀಗೆ. ಗಟ್ಟಿ ಉಪ್ಪುನೀರಿಗೆ ಮೊದಲು ಅಮೋನಿಯಾ, ಆಮೇಲೆ ಕಾರ್ಬನ್ ಡೈಆಕ್ಸೈಡ್ ಹಾಯಿಸ್ತಾರೆ. ತಳಕ್ಕೆ ಅಡುಗೆ ಸೋಡಾ ಕೂರುತ್ತೆ. ಅದನ್ನು ಕಾಯಿಸಿದರೆ ಸೋಡಾ ಆ್ಯಶ್. ಕಿರಾಣಿ ಅಂಗಡಿಯ ವಾಷಿಂಗ್ ಸೋಡಾ, ಬಟ್ಟೆ ಪುಡಿ, ಗಾಜಿನ ಬಾಟಲಿ, ಎಲ್ಲದರ ಹಿಂದೆಯೂ ಇದು ಇದೆ. ಜೊತೆಗೆ ಸಿಗುವ ಅಮೋನಿಯಂ ಕ್ಲೋರೈಡ್ ಗೊಬ್ಬರವಾಗುತ್ತೆ.

ಒಂದು ವಿಷಯ ಸ್ಪಷ್ಟ ಇರಲಿ. ಅಲ್ಲಿ ಬಳಸಿದ್ದು ಬೇಕೆಂದೇ ಮಾಡಿದ ಉಪ್ಪುನೀರು, ಕೊಳಕು ತ್ಯಾಜ್ಯನೀರಲ್ಲ. ಸಮುದ್ರದ ನೀರನ್ನು ಸಿಹಿ ಮಾಡುವ ಘಟಕಗಳಿಂದ ಉಳಿಯುವ ಗಟ್ಟಿ ಉಪ್ಪುನೀರಿಗೂ ಇದೇ ವಿಧಾನ ಬಳಸಬಹುದಾ ಅಂತ ಸಂಶೋಧನೆ ನಡೆದಿದೆ. ಬಣ್ಣ, ಸೋಪು, ಎಣ್ಣೆ ಬೆರೆತ ನೀರಿಗೆ ಅಮೋನಿಯಾ ಹಾಯಿಸಿದರೆ ಸೋಡಾ ಸಿಗುವ ಮೊದಲು ಹೊಸ ಸಮಸ್ಯೆ ಸಿಗುತ್ತೆ.

ಇನ್ನು ಆಗದ ಕೆಲಸ

ಇಲ್ಲಿಂದ ಮುಂದಿನದ್ದು ಊರಿನವರು ಗಮನ ಇಟ್ಟು ಓದಬೇಕಾದ ಭಾಗ.

ಒಂದು, ಉಪ್ಪು ಹೋಗಲ್ಲ. ಬರೀ ಕಾರ್ಬನ್ ಡೈಆಕ್ಸೈಡ್ ಹಾಯಿಸಿದರೆ ಅಡುಗೆ ಉಪ್ಪು, ಅಂದ್ರೆ ಸೋಡಿಯಂ ಕ್ಲೋರೈಡ್, ನೀರಿನಲ್ಲೇ ಇರುತ್ತೆ. ಡೈಯಿಂಗ್ ಘಟಕದವರು ಬಳಸುವ ಸೋಡಿಯಂ ಸಲ್ಫೇಟೂ ಅಷ್ಟೇ. ತಿರುಪ್ಪೂರಿನ ಕಥೆ ಗೊತ್ತಿರಬಹುದು. ಬನಿಯನ್, ಟಿ ಷರ್ಟ್ ಬಣ್ಣದ ಘಟಕಗಳ ಉಪ್ಪುನೀರು ನೊಯ್ಯಲ್ ನದಿಗೆ ಸೇರಿ, ಒರತ್ತುಪಾಳೆಯಂ ಅಣೆಕಟ್ಟಿನಲ್ಲಿ ನಿಂತು, ಸುತ್ತಲಿನ ಬಾವಿಗಳು ಕೆಟ್ಟವು. ರೈತರು ಕೋರ್ಟಿಗೆ ಹೋದರು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಆದೇಶದಿಂದ ಏಳುನೂರಕ್ಕೂ ಹೆಚ್ಚು ಘಟಕಗಳು ಮುಚ್ಚಿದವು. ಮತ್ತೆ ತೆರೆಯೋಕೆ ಒಂದು ಹನಿಯನ್ನೂ ಹೊರಗೆ ಬಿಡದ ವ್ಯವಸ್ಥೆ ಬೇಕಾಯ್ತು: ಆರ್‌ಒ ಶೋಧಕ, ಅದರ ನಂತರ ನೀರು ಕುದಿಸಿ ಉಪ್ಪು ಒಣಗಿಸುವ ಯಂತ್ರ. ಆ ಉಪ್ಪನ್ನು ಮತ್ತೆ ಬಣ್ಣದ ಕೆಲಸಕ್ಕೇ ಬಳಸ್ತಾರೆ. ಅದೂ ಖನಿಜ ವಾಪಸ್ ಪಡೆಯುವುದೇ, ಆದರೆ ದುಬಾರಿ ದಾರಿ.

ಎರಡು, ಕಾಸ್ಟಿಕ್ ನೀರಿನ ಪಿಎಚ್ ಇಳಿಯುತ್ತೆ, ಆದರೆ ಸೋಡಿಯಂ ಉಳಿಯುತ್ತೆ. ಇದೇ ದೊಡ್ಡ ಮೋಸದ ಜಾಗ. ಸುಣ್ಣದ ನೀರಿಗೆ ಗ್ಯಾಸ್ ಹಾಯಿಸಿದರೆ ಕ್ಯಾಲ್ಸಿಯಂ ಪುಡಿಯಾಗಿ ಕೂರುತ್ತೆ, ನೀರು ನಿಜವಾಗಿ ಹಗುರಾಗುತ್ತೆ. ಕಾಸ್ಟಿಕ್ ಸೋಡಾದ ನೀರಿಗೆ ಹಾಯಿಸಿದರೆ ಸೋಡಿಯಂ ಕಾರ್ಬೊನೇಟ್, ಬೈಕಾರ್ಬೊನೇಟ್ ಆಗುತ್ತೆ. ಇವೆರಡೂ ಕರಗಿಯೇ ಇರ್ತವೆ. ಮೀಟರಿನಲ್ಲಿ ಪಿಎಚ್ 8.5 ಅಂತ ತೋರಿಸುತ್ತೆ, ಕಾಗದದಲ್ಲಿ ಪಾಸ್. ಆದರೆ ಆ ನೀರು ಹೊಲಕ್ಕೆ ಹೋದರೆ ಎರೆಮಣ್ಣು ಅಂಟಾಗಿ, ಒಣಗಿದಾಗ ಕಲ್ಲಿನ ಹಾಗೆ ಗಟ್ಟಿಯಾಗಿ, ನೀರು ಇಂಗದಂತೆ ಆಗುತ್ತೆ. ಕೃಷಿ ವಿಜ್ಞಾನಿಗಳು ಇದನ್ನು ಆರ್‌ಎಸ್‌ಸಿ ಅನ್ನುವ ಅಂಕಿಯಲ್ಲಿ ಅಳೀತಾರೆ. ಲೀಟರಿಗೆ 2.5 ಮಿಲಿ ಈಕ್ವಿವಲೆಂಟ್ ದಾಟಿದರೆ ನೀರಾವರಿಗೆ ಸರಿಯಲ್ಲ. ಪಿಎಚ್ ಸರಿಹೋಯ್ತು ಅಂದ ಮಾತ್ರಕ್ಕೆ ನೀರು ಸರಿಹೋಯ್ತು ಅಂತಲ್ಲ.

ಮೂರು, ಹುಳಿ ನೀರಿಗೆ ಇದು ಕೆಲಸಕ್ಕೆ ಬರಲ್ಲ. ಎಲೆಕ್ಟ್ರೋಪ್ಲೇಟಿಂಗ್, ಲೋಹದ ತುಕ್ಕು ತೆಗೆಯುವ ಘಟಕಗಳ ನೀರು ಮೊದಲೇ ಆಮ್ಲ. ಅದಕ್ಕೆ ಸುಣ್ಣ ಅಥವಾ ಕಾಸ್ಟಿಕ್ ಹಾಕದೇ ಕಾರ್ಬೊನೇಟ್ ಕೂರಲ್ಲ.

ನಾಲ್ಕು, ಬಣ್ಣ, ಎಣ್ಣೆ, ಕೊಳೆಯುವ ಸಾವಯವ ವಸ್ತು ಇದರಿಂದ ಹೋಗಲ್ಲ. ಅದಕ್ಕೆ ಬೇರೆ ಶುದ್ಧೀಕರಣ ಇರಲೇಬೇಕು.

ಐದು, ಹೊಸ ಸುಣ್ಣ ತಂದು ಹಾಕಿದರೆ ಹವಾಮಾನಕ್ಕೆ ಲಾಭ ಇಲ್ಲ. ಸುಣ್ಣದಕಲ್ಲು ಸುಟ್ಟು ಸುಣ್ಣ ಮಾಡುವಾಗ ಎಷ್ಟು ಕಾರ್ಬನ್ ಡೈಆಕ್ಸೈಡ್ ಹೋಗಿತ್ತೋ, ಅದೇ ಸುಣ್ಣ ಹೀರೋದೂ ಅಷ್ಟೇ, ಅದಕ್ಕಿಂತ ಹೆಚ್ಚಲ್ಲ. ಸುಡೋಕೆ ಬಳಸಿದ ಇಂಧನದ ಹೊಗೆ ಬೇರೆ. ನೀರಿನಲ್ಲಿ ಮೊದಲೇ ವ್ಯರ್ಥವಾಗಿ ಇದ್ದ ಕ್ಷಾರ ಬಳಸಿದಾಗ ಮಾತ್ರ ಉಳಿತಾಯ.

ಒಂದು ಟ್ಯಾಂಕರ್ ನೀರಿನ ಲೆಕ್ಕ

ವ್ಯಾಪಾರಸ್ಥರಿಗೆ ಅರ್ಥವಾಗುವ ಹಾಗೆ ಒಂದು ಲೆಕ್ಕ ಹಾಕೋಣ. 10,000 ಲೀಟರಿನ ಒಂದು ಟ್ಯಾಂಕರ್ ಸುಣ್ಣದ ತಿಳಿನೀರು ಇದೆ ಅಂದುಕೊಳ್ಳಿ. ಒಂದು ಲೀಟರ್ ನೀರಿನಲ್ಲಿ ಸುಮಾರು 1.6 ಗ್ರಾಂ ಸುಣ್ಣ ಮಾತ್ರ ಕರಗುತ್ತೆ. ಹಾಗಾದ್ರೆ ಟ್ಯಾಂಕರಿನಲ್ಲಿ ಕರಗಿರೋದು 16 ಕೆಜಿ.

ಇದಕ್ಕೆ ಬೇಕಾದ ಕಾರ್ಬನ್ ಡೈಆಕ್ಸೈಡ್ ಸುಮಾರು ಒಂಬತ್ತೂವರೆ ಕೆಜಿ. ಸಿಗುವ ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿ ಸುಮಾರು ಇಪ್ಪತ್ತೊಂದೂವರೆ ಕೆಜಿ. ಸಾಮಾನ್ಯ ದರ್ಜೆಯ ಈ ಪುಡಿ ಕೆಜಿಗೆ ಕೆಲವೇ ರೂಪಾಯಿಯ ಮಾಲು. ಕಾಗದ, ಪೇಂಟ್, ಟೂತ್‌ಪೇಸ್ಟಿಗೆ ಹೋಗುವ ಬೆಳ್ಳನೆಯ ಶುದ್ಧ ಪುಡಿಗೆ ಬೆಲೆ ಹೆಚ್ಚು, ಆದರೆ ಕೊಳಕು ನೀರಿನಿಂದ ಆ ದರ್ಜೆ ಸುಲಭಕ್ಕೆ ಬರಲ್ಲ. ಬಹುಪಾಲು ಅದು ಇಟ್ಟಿಗೆ, ಬ್ಲಾಕ್, ಸಿಮೆಂಟಿನ ಕಡೆಗೇ ಹೋಗಬೇಕು.

ಅಂದ್ರೆ ಪುಡಿ ಮಾರಿ ಶ್ರೀಮಂತರಾಗುವ ಬಾಬತ್ತು ಇದಲ್ಲ. ಹೊಗೆಯ ಲೆಕ್ಕವೂ ಅಷ್ಟೇ. ಒಂದು ಲೀಟರ್ ಡೀಸೆಲ್ ಸುಟ್ಟರೆ ಸುಮಾರು 2.7 ಕೆಜಿ ಕಾರ್ಬನ್ ಡೈಆಕ್ಸೈಡ್ ಬರುತ್ತೆ. ಒಂದು ಟ್ಯಾಂಕರ್ ನೀರು ಕಟ್ಟಿಹಾಕಿದ್ದು ಮೂರೂವರೆ ಲೀಟರ್ ಡೀಸೆಲಿನ ಹೊಗೆ. ತಳದ ಗಸಿಯಲ್ಲಿ ಇನ್ನಷ್ಟು ಸುಣ್ಣ ಇದ್ದರೆ ಇದು ಹೆಚ್ಚುತ್ತೆ, ಆದರೂ ಚಿಮಣಿಯ ಎಲ್ಲ ಹೊಗೆಯೂ ಇದರಲ್ಲಿ ಮುಗಿಯುತ್ತೆ ಅನ್ನೋದು ಆಗದ ಮಾತು.

ಹಾಗಾದ್ರೆ ಲಾಭ ಎಲ್ಲಿ? ಆಮ್ಲ ಬಿಟ್ಟದ್ದರಲ್ಲಿ. ಇದೇ ಟ್ಯಾಂಕರಿನ ಕ್ಷಾರ ತೆಗೆಯೋಕೆ ಸಾಮಾನ್ಯವಾಗಿ ಸಲ್ಫ್ಯೂರಿಕ್ ಆಮ್ಲ ಹಾಕ್ತಾರೆ. ಸುಮಾರು 21 ಕೆಜಿ ಬೇಕು. ಆಗ ಸುಣ್ಣ ಜಿಪ್ಸಮ್ ಆಗುತ್ತೆ, ಆದರೆ ಲೀಟರಿಗೆ 2 ಗ್ರಾಮಿನಷ್ಟು ನೀರಿನಲ್ಲೇ ಕರಗಿ ಉಳಿಯುತ್ತೆ. ಪಿಎಚ್ ಸರಿ, ನೀರು ಸವಳು. ಕಾಂಕ್ರೀಟ್ ಕಲೆಸುವ ನೀರಿಗೆ ಐಎಸ್ 456 ಹೇಳುವ ಸಲ್ಫೇಟ್ ಮಿತಿ ಲೀಟರಿಗೆ 400 ಮಿಲಿಗ್ರಾಂ. ಆಮ್ಲ ಹಾಕಿದ ನೀರು ಅದನ್ನು ದಾಟುತ್ತೆ, ವಾಪಸ್ ಬಳಸೋಕಾಗಲ್ಲ, ಹೊರಗೆ ಬಿಡಬೇಕು. ಗ್ಯಾಸ್ ಹಾಯಿಸಿದ ನೀರಿಗೆ ಸಲ್ಫೇಟ್ ಸೇರಲ್ಲ, ಹಾಗಾಗಿ ಆ ತೊಂದರೆ ಇಲ್ಲ. ಬೋರ್‌ವೆಲ್ ಇಂಚಿಂಚು ಇಳಿಯುವ ತಾಲೂಕಿನಲ್ಲಿ ಒಂದು ಟ್ಯಾಂಕರ್ ನೀರು ವಾಪಸ್ ಬಳಕೆಗೆ ಬಂದರೆ ಅದೇ ದೊಡ್ಡ ಖನಿಜ.

ಇನ್ನೊಂದು ಅನುಕೂಲ: ಆಮ್ಲ ಕೈತಪ್ಪಿ ಹೆಚ್ಚಾದರೆ ಪಿಎಚ್ 2ಕ್ಕೂ ಇಳಿಯುತ್ತೆ. ಕಾರ್ಬನ್ ಡೈಆಕ್ಸೈಡ್ ದುರ್ಬಲ ಆಮ್ಲ, ಎಷ್ಟು ಹಾಯಿಸಿದ್ರೂ ನೀರು ಅಷ್ಟು ಹುಳಿಯಾಗಲ್ಲ.

ಕೆಲಸಗಾರರಿಗೆ ಎಚ್ಚರಿಕೆ

ಕಾರ್ಬನ್ ಡೈಆಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ, ಗಾಳಿಗಿಂತ ಒಂದೂವರೆ ಪಟ್ಟು ಭಾರ. ಹೊಂಡ, ತೊಟ್ಟಿ, ನೆಲಮಾಳಿಗೆಯಲ್ಲಿ ನೀರಿನ ಹಾಗೆ ನಿಲ್ಲುತ್ತೆ. ನಾವು ಉಸಿರಾಡುವ ಗಾಳಿಯಲ್ಲಿ ಇದು ಶೇ. 0.04ರಷ್ಟು. ಶೇ. 10 ಆದರೆ ಕೆಲವೇ ನಿಮಿಷದಲ್ಲಿ ಪ್ರಜ್ಞೆ ತಪ್ಪುತ್ತೆ. ಗ್ಯಾಸ್ ಹಾಯಿಸುವ ತೊಟ್ಟಿಗೆ ಗಾಳಿ ಪರೀಕ್ಷೆ ಮಾಡದೇ ಯಾರೂ ಇಳಿಯಬಾರದು. ಒಬ್ಬರು ಬಿದ್ದರೆ ಎತ್ತೋಕೆ ಇನ್ನೊಬ್ಬರು ಹಾಗೇ ಇಳಿಯಬಾರದು. ಒಂದೇ ಹೊಂಡದಲ್ಲಿ ಮೂರ್ನಾಲ್ಕು ಜನ ಸಾಯುವ ಸುದ್ದಿ ನಾವು ಓದೋದು ಇದೇ ಕಾರಣಕ್ಕೆ.

ಕ್ಷಾರ ನೀರೂ ಅಷ್ಟೇ. ಪಿಎಚ್ 12ರ ನೀರಿನಲ್ಲಿ ಬರಿಗಾಲಲ್ಲಿ ನಿಂತರೆ ಮೊದಲು ನೋವೇ ಗೊತ್ತಾಗಲ್ಲ, ಸಂಜೆಗೆ ಚರ್ಮ ಸುಟ್ಟಿರುತ್ತೆ. ಗಾರೆ ಕೆಲಸದವರಿಗೆ ಇದು ಗೊತ್ತು.

ಮನೆಯಲ್ಲೇ ನೋಡುವ ಪರೀಕ್ಷೆ

ಓಕುಳಿಗೆ ಅರಿಶಿನದ ನೀರಿಗೆ ಸುಣ್ಣ ಹಾಕಿದರೆ ಕೆಂಪಾಗುತ್ತಲ್ಲ, ಅದೇ ಇಲ್ಲೂ ಉಪಯೋಗಕ್ಕೆ ಬರುತ್ತೆ. ಬಿಳಿ ಬಟ್ಟೆ ಅಥವಾ ಕಾಗದಕ್ಕೆ ಅರಿಶಿನ ಹಚ್ಚಿ ಒಣಗಿಸಿ. ಅನುಮಾನದ ನೀರಿನ ಒಂದು ಹನಿ ಕಡ್ಡಿಯಿಂದ ಹಾಕಿ. ಕೆಂಪಾದರೆ ಕ್ಷಾರ ಇದೆ. ಕೈ ಹಾಕಬೇಡಿ. ಇದು ಸೂಚನೆ ಮಾತ್ರ, ಸಾಕ್ಷಿ ಅಲ್ಲ. ಉಪ್ಪು, ಬಣ್ಣ, ಲೋಹ ಇದೆಯೋ ಇಲ್ಲವೋ ಅಂತ ಇದು ಹೇಳಲ್ಲ. ದೂರು ಕೊಡುವುದಿದ್ದರೆ ಲ್ಯಾಬ್ ವರದಿ ಬೇಕು.

ಸಭೆಯಲ್ಲಿ ಕೇಳಬೇಕಾದ ಆರು ಪ್ರಶ್ನೆ

1. ನಿಮ್ಮ ತ್ಯಾಜ್ಯನೀರಿನ ಕ್ಷಾರ ಸುಣ್ಣದ್ದಾ, ಕಾಸ್ಟಿಕ್ ಸೋಡಾದ್ದಾ? ಸುಣ್ಣ ಆದರೆ ಪುಡಿ ಕೂರುತ್ತೆ. ಕಾಸ್ಟಿಕ್ ಆದರೆ ಸೋಡಿಯಂ ಎಲ್ಲಿಗೆ ಹೋಗುತ್ತೆ?

2. ಶುದ್ಧ ಮಾಡುವ ಮೊದಲು, ಮಾಡಿದ ಮೇಲೆ ಟಿಡಿಎಸ್ ಎಷ್ಟು? ಪಿಎಚ್ ಒಂದನ್ನೇ ಹೇಳಿದರೆ ಒಪ್ಪಬೇಡಿ. ಹೋಲಿಕೆಗೆ ನೆನಪಿಡಿ: ಕುಡಿಯುವ ನೀರಿಗೆ ಐಎಸ್ 10500 ಪ್ರಕಾರ ಟಿಡಿಎಸ್ ಲೀಟರಿಗೆ 500 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲ ಇಲ್ಲದಿದ್ದರೆ 2,000 ತನಕ.

3. ಹೊರಗಿನಿಂದ ಸುಣ್ಣ, ಕಾಸ್ಟಿಕ್ ಅಥವಾ ಅಮೋನಿಯಾ ತಂದು ಸೇರಿಸ್ತೀರಾ? ದಿನಕ್ಕೆ ಎಷ್ಟು?

4. ದಿನಕ್ಕೆ ಎಷ್ಟು ಪುಡಿ ಬರುತ್ತೆ, ಯಾರು ಕೊಳ್ತಾರೆ? ಯಾರೂ ಕೊಳ್ಳದಿದ್ದರೆ ಎಲ್ಲಿ ಸುರಿಯುತ್ತೀರಿ? ಅದರಲ್ಲಿ ಸೀಸ, ಕ್ರೋಮಿಯಂ ಇಲ್ಲ ಅನ್ನೋದಕ್ಕೆ ಪರೀಕ್ಷೆ ಯಾರು ಮಾಡ್ತಾರೆ?

5. ಗ್ಯಾಸ್ ಬರುವ ಕಡೆ ನಿಂತರೆ ಆ ದಿನ ನೀರಿಗೆ ಏನು ಮಾಡ್ತೀರಿ?

6. ನೀರು ವಾಪಸ್ ಬಳಸ್ತೀರಾ, ಹಳ್ಳಕ್ಕೆ ಬಿಡ್ತೀರಾ? ಬಿಡುವುದಾದರೆ ಯಾವ ಜಾಗದಲ್ಲಿ?

ಎಲ್ಲಿ ಕೇಳಬೇಕು?

2006ರ ಪರಿಸರ ಪರಿಣಾಮ ಅಧಿಸೂಚನೆ ಪ್ರಕಾರ ಸಾರ್ವಜನಿಕ ಆಲಿಕೆ ಬೇಕಾದ ಯೋಜನೆಗಳಿಗೆ ಕನಿಷ್ಠ 30 ದಿನ ಮುಂಚೆ ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು. ವರದಿಯ ಸಾರಾಂಶ ಕನ್ನಡದಲ್ಲೂ ಇರಬೇಕು. ಅದು ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯ್ತಿ ಮುಂತಾದ ಕಡೆ ಓದೋಕೆ ಸಿಗುತ್ತೆ. ಸಭೆಯಲ್ಲಿ ನೀವು ಹೇಳಿದ್ದು ನಡಾವಳಿಯಲ್ಲಿ ದಾಖಲಾಗಬೇಕು. ಬಾಯಿಮಾತಿನ ಜೊತೆ ಬರಹದಲ್ಲೂ ಕೊಟ್ಟು ಸ್ವೀಕೃತಿ ಪಡೆಯಿರಿ.

ಸಣ್ಣ ಘಟಕಗಳಿಗೆ ಇಂಥ ಸಭೆ ಇರಲ್ಲ. ಆದರೆ ತ್ಯಾಜ್ಯನೀರು ಬಿಡುವ ಘಟಕಕ್ಕೆ 1974ರ ಜಲ ಕಾಯ್ದೆಯಡಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಬೇಕು. ಆ ಸಮ್ಮತಿ ಪತ್ರದಲ್ಲಿ ಎಷ್ಟು ನೀರು, ಯಾವ ಗುಣ, ಎಲ್ಲಿ ಬಿಡಬೇಕು ಅಂತ ಷರತ್ತು ಬರೆದಿರುತ್ತೆ. ಅದರ ಪ್ರತಿ, ಜೊತೆಗೆ ನೀರಿನ ಪರೀಕ್ಷಾ ವರದಿ ಬೇಕಾದರೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕು ಅರ್ಜಿ ಹಾಕಿ. 30 ದಿನದಲ್ಲಿ ಉತ್ತರ ಕೊಡಬೇಕು.

ಕೊನೆಗೆ ಒಂದು ಮಾತು. ಹೊಸ ತಂತ್ರ ಅಂದ ಕೂಡಲೇ ವಿರೋಧಿಸುವುದೂ ಬೇಡ, ಶಹಬ್ಬಾಸ್ ಅನ್ನುವುದೂ ಬೇಡ. ಸುಣ್ಣದ ನೀರು ಆಗಿದ್ದು, ಪುಡಿ ಅಲ್ಲೇ ಬಳಕೆಯಾಗಿ, ನೀರು ವಾಪಸ್ ಕೆಲಸಕ್ಕೆ ಹೋಗುವುದಾದರೆ ಇದು ಆಮ್ಲ ಸುರಿಯುವುದಕ್ಕಿಂತ ನೂರು ಪಾಲು ಮೇಲು. ಉಪ್ಪಿನ ನೀರನ್ನೋ ಕಾಸ್ಟಿಕ್ ನೀರನ್ನೋ ಇದೇ ಹೆಸರಿನಲ್ಲಿ ಹಳ್ಳಕ್ಕೆ ಬಿಡುವುದಾದರೆ, ಹತ್ತು ವರ್ಷ ಬಿಟ್ಟು ಲೆಕ್ಕ ಕಟ್ಟುವುದು ನಮ್ಮ ಬೋರ್‌ವೆಲ್ಲೇ. ಯಾವುದು ಅಂತ ತಿಳಿಯೋಕೆ ಮೇಲಿನ ಎರಡನೇ ಪ್ರಶ್ನೆ ಒಂದೇ ಸಾಕು: ಟಿಡಿಎಸ್ ಎಷ್ಟು ಇತ್ತು, ಈಗ ಎಷ್ಟು?